ಆಪ್ತವಾಕ್ಯವೂ ಬೈಸಿಕಲ್ಲಿನ ಫೋರ್ಕೂ

ಈ ತಲೆಬರಹವನ್ನು ಕಂಡು ವಾಚಕಮಹಾಶಯರು ನಗಬಹುದು. ನ್ಯಾಯಶಾಸ್ತ್ರದ ಪರಿಭಾಷೆಯನ್ನೂ ಹುಡುಗರು ಬೆಟ್ಟ ಹತ್ತಿಳಿಯುವ ಬೈಸಿಕಲ್ಲಿನ ಅವಯವವನ್ನೂ ಒಂದೇ ನೊಗಕ್ಕೆ ಹೂಡಿದವನಿಗೆ ವೃದ್ಧಾಪ್ಯದಲ್ಲಿ ಬುದ್ಧಿ ಸಡಿಲಿತೆಂದು ಭಾವಿಸುವವರೂ ಇರಬಹುದು. ಆದರೆ ನನ್ನ ಮನಸ್ಸನ್ನು ಕೆಲವು ತಿಂಗಳುಗಳಿಂದ ಕೊರೆಯುತ್ತಿರುವ ಒಂದು ಧರ್ಮಜಿಜ್ಞಾಸೆಯು ಈ ಬೈಸಿಕಲ್ಲಿನ ಮೂಲಕವೇ ನನಗೆ ಒದಗಿತು. ಸುಳ್ಳನ್ನು ಹೇಳದೆಯೇ ಇನ್ನೊಬ್ಬನನ್ನು ತಪ್ಪುದಾರಿಗೆ ಎಳೆದ ಉಪದೇಶಕನು ಸತ್ಯವಂತನೆನಿಸುವನೇ ಎಂಬುದೇ ಆ ಪ್ರಶ್ನೆ.

ಇಷ್ಟು ಹೇಳಿದೊಡನೆಯೇ ಧರ್ಮರಾಯನ ಅಶ್ವತ್ಥಾಮಪ್ರಸಂಗವನ್ನು ನೆನೆಯುವವರುಂಟು. ಅದು ಇಲ್ಲಿಗೆ ಹೊಂದದು. ಅಲ್ಲಿ ವಂಚಿಸಬೇಕೆಂಬ ಸಂಕಲ್ಪವಿದ್ದಿತು. ನಾನು ಹೇಳಹೊರಟಿರುವ ಸಂಗತಿಯಲ್ಲಿ ಯಾರಿಗೂ ಕೆಟ್ಟ ಸಂಕಲ್ಪವಿರಲಿಲ್ಲ. ಅಷ್ಟಾಗಿಯೂ ಒಬ್ಬ ಹುಡುಗನ ಪ್ರಾಣಕ್ಕೆ ಸಂಚಕಾರ ಬರುವಂತಾಗಿತ್ತು.

ಆ ಹುಡುಗನು ನನ್ನ ದೌಹಿತ್ರ. ಇಂಜಿನಿಯರಿಂಗ್ ಓದುತ್ತಿರುವನು. ಯಾರೋ ಸ್ನೇಹಿತನಿಂದ ಕೊಂಡ ಒಂದು ಹಳೆಯ ಮೌಂಟನ್ ಬೈಕನ್ನು ರಜೆಗೆ ಬಂದಾಗಲೆಲ್ಲ ಜೊತೆಗೆ ತರುವನು. ಮುಂಚಕ್ರವನ್ನು ಹಿಡಿದಿರುವ ಕವಲಿಗೆ ಫೋರ್ಕೆಂದು ಹೆಸರಷ್ಟೆ. ನಮ್ಮ ಕಾಲದ ಬೈಸಿಕಲ್ಲಿನಲ್ಲಿ ಅದು ಅಲುಗಾಡದ ಕಬ್ಬಿಣ. ಈ ಬೈಸಿಕಲ್ಲಿನಲ್ಲಾದರೋ ಮೇಲಿನ ಎರಡು ನುಣುಪಾದ ಕೊಳವೆಗಳು ಕೆಳಗಿನ ಎರಡು ದಪ್ಪ ಕೊಳವೆಗಳೊಳಗೆ ಜಾರಿ ಏರಿಳಿಯುವುವು. ಒಂದು ಕಾಲಿನಲ್ಲಿ ಅದುಮಿದ ಗಾಳಿಯು ಸ್ಪ್ರಿಂಗಿನ ಕೆಲಸವನ್ನು ಮಾಡುವುದು. ಇನ್ನೊಂದರಲ್ಲಿ ಎಣ್ಣೆಯು ಕಿರಿದಾದ ರಂಧ್ರಗಳ ಮೂಲಕ ಹರಿದು ಆ ಪುಟಿತವನ್ನು ತಡೆದು ಶಾಂತಗೊಳಿಸುವುದು. ಇದಕ್ಕೆ ಡ್ಯಾಂಪರ್ ಎನ್ನುವರು. ಕೊಳವೆಗಳ ಸಂಧಿಯಲ್ಲಿ ಧೂಳು ನುಗ್ಗದಂತೆ ರಬ್ಬರಿನ ಸೀಲು. ಅದರ ಕೆಳಗೆ ಎಣ್ಣೆಯಲ್ಲಿ ನೆನೆದ ಸ್ಪಂಜಿನ ಬಳೆ. ಇನ್ನೊಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು: ಕೆಳಗಿನ ಕೊಳವೆಗಳನ್ನೂ ಅವುಗಳೊಂದಿಗೆ ಮುಂಚಕ್ರವನ್ನೂ ಹಿಡಿದಿಟ್ಟಿರುವುದು ಬುಡದಿಂದ ಮೇಲಕ್ಕೆ ಹಾಕಿರುವ ಎರಡೇ ಎರಡು ಬೋಲ್ಟುಗಳು.

ಮಳೆಗಾಲ ಕಳೆಯುವಷ್ಟರಲ್ಲಿ ಫೋರ್ಕು ಬಿಗಿದುಕೊಂಡಿತು. ಮಾರಿದವನು ಕೊಟ್ಟ ಚೀಟಿಯಲ್ಲಿ, ಇದು ಸೀಲು ಮಾಡಿದ ಫೋರ್ಕು, ಆರೈಕೆ ಬೇಡ ಎಂದಿತ್ತು. ತಯಾರಿಸಿದವರ ಪುಸ್ತಿಕೆಯಲ್ಲಿ, ಇಂತಿಷ್ಟು ಗಂಟೆಗಳ ಸವಾರಿಯಾದ ಮೇಲೆ ಬಿಚ್ಚಿ ಶುಚಿಮಾಡಿ ಎಣ್ಣೆ ಬದಲಾಯಿಸತಕ್ಕದ್ದು ಎಂದಿತ್ತು. ಒಂದೇ ವಸ್ತುವಿನ ವಿಷಯದಲ್ಲಿ ಎರಡು ವಿರುದ್ಧ ವಾಕ್ಯಗಳು. ಇಂತಹ ವಿರೋಧಗಳಲ್ಲಿ ಕೆಲವು ತೋರಿಕೆಯವು. ರಾಕ್‌ಶಾಕ್ಸ್ ಕಂಪೆನಿಯವರು ಕೆಳಗಾಲುಗಳಿಗೆ 50 ಗಂಟೆಗೊಮ್ಮೆ, ಗಾಳಿಯ ಸ್ಪ್ರಿಂಗು ಮತ್ತು ಡ್ಯಾಂಪರುಗಳಿಗೆ 200 ಗಂಟೆಗೊಮ್ಮೆ ಆರೈಕೆಯೆಂದು ಹೇಳಿದರೆ, ಫಾಕ್ಸ್ ಕಂಪೆನಿಯವರು 125 ಗಂಟೆ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಎನ್ನುವರು. ಒಬ್ಬರು ಭಾಗವನ್ನೂ ಇನ್ನೊಬ್ಬರು ಇಡಿಯನ್ನೂ ಹೇಳುತ್ತಿರುವರಾದ್ದರಿಂದ ಅಲ್ಲಿ ಸಮನ್ವಯವುಂಟು. ಆದರೆ ಚೀಟಿಗೂ ಪುಸ್ತಿಕೆಗೂ ಸಮನ್ವಯವಿಲ್ಲ. ಸೀಲಿರುವುದು ನಿಜವೇ. ಸೀಲಿರುವುದರಿಂದ ಆರೈಕೆ ಬೇಡವೆಂಬ ಹೇತುವು ಮಾತ್ರ ವ್ಯಾಪಾರಿಯ ಹೇತು, ತಾರ್ಕಿಕನದಲ್ಲ. ಆ ಸೀಲೇ ಸವೆಯುವುದು, ಅದರ ಕೆಳಗಿನ ಎಣ್ಣೆಯೇ ಕೆಸರಾಗುವುದು.

ಹುಡುಗನು ಪುಸ್ತಿಕೆಯನ್ನೇ ನಂಬಿ ಜಗಲಿಯ ಮೇಲೆ ಹಳೆಯ ಪಂಚೆಯೊಂದನ್ನು ಹಾಸಿ ಕುಳಿತನು. ಪುಸ್ತಿಕೆಯ ಮೊದಲ ಪುಟಗಳ ತುಂಬ ಎಚ್ಚರಿಕೆಗಳು: ಹೀಗೆ ಮಾಡಿದರೆ ಗಾಯವಾದೀತು, ಹಾಗೆ ಮಾಡಿದರೆ ಮರಣವಾದೀತು, ನಾವು ಹೊಣೆಯಲ್ಲ, ಅರ್ಹನಾದ ಮೆಕ್ಯಾನಿಕ್ಕಿನಿಂದಲೇ ಮಾಡಿಸಿ. ಬಿಚ್ಚುವ ಮೊದಲು ಗಾಳಿಯನ್ನು ಪೂರ್ತಿಯಾಗಿ ಬಿಡತಕ್ಕದ್ದೆಂದು ದಪ್ಪಕ್ಷರದಲ್ಲಿತ್ತು. ಅದು ಅತ್ಯಾವಶ್ಯಕವಾದ ಮಾತು, ಹುಡುಗನು ಹಾಗೆಯೇ ಮಾಡಿದನು. ಮಾಡುವ ಬಗೆಗೆ ಮೀಸಲಾಗಿದ್ದುದು ಒಂದೇ ಪುಟ. ಅದರಲ್ಲಿ, ಬುಡದ ಬೋಲ್ಟುಗಳನ್ನು ತೆಗೆದು ಕೆಳಗಾಲುಗಳನ್ನು ಬೇರ್ಪಡಿಸಿ ಎಂಬರ್ಥದ ಒಂದು ಇಂಗ್ಲಿಷ್ ವಾಕ್ಯ. ಪಕ್ಕದಲ್ಲಿ ಬೋಲ್ಟು ಆಗಲೇ ಹೊರಬಂದಿರುವ ಚಿತ್ರ.

"ತಾತ, ಬೋಲ್ಟನ್ನು ಪೂರ್ತಿ ತೆಗೆಯಬೇಕೋ, ಸಡಿಲಿಸಿದರೆ ಸಾಕೋ?" ಎಂದು ಅವನು ನನ್ನನ್ನು ಕೇಳಿದನು. ನಾನು ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದಿದವನಷ್ಟೆ. ಕನ್ನಡಕ ಹಾಕಿಕೊಂಡು ವಾಕ್ಯವನ್ನು ಪರಿಶೀಲಿಸಿ, ತೆಗೆಯುವುದೂ ಬೇರ್ಪಡಿಸುವುದೂ ಒಬ್ಬನೇ ಕರ್ತೃವಿನ ಎರಡು ಕ್ರಿಯೆಗಳು. ಸಂಸ್ಕೃತದಲ್ಲಾದರೆ ಮೊದಲನೆಯದು ಕ್ತ್ವಾಪ್ರತ್ಯಯಾಂತವಾಗುತ್ತಿತ್ತು. ಆದುದರಿಂದ ಪೂರ್ವಕ್ರಿಯೆಯು ಪೂರ್ತಿಯಾದ ಮೇಲೆಯೇ ಉತ್ತರಕ್ರಿಯೆ, ಪೂರ್ತಿ ತೆಗೆ, ಎಂದು ನಿರ್ಣಯ ಕೊಟ್ಟೆನು. ನಿರ್ಣಯವು ವ್ಯಾಕರಣದ ದೃಷ್ಟಿಯಿಂದ ನಿರ್ದುಷ್ಟವಾಗಿತ್ತು.

ಅವನು ಪೂರ್ತಿ ತೆಗೆದನು. ಕಾಲುಗಳು ಬೇರ್ಪಡಲಿಲ್ಲ. ಒಳಗಿನ ಟೊಳ್ಳು ದಂಡದ ತುದಿಯು ಕೆಳಗಾಲಿನ ಬುಡದಲ್ಲಿ ಬಿಗಿಯಾಗಿ ಕಚ್ಚಿಕೊಂಡಿರುವುದೆಂಬುದನ್ನು ಪುಸ್ತಿಕೆ ಹೇಳಿರಲಿಲ್ಲ. ಎಳೆದನು, ತಿರುಚಿದನು. ಕೊನೆಗೆ ಸ್ಕ್ರೂಡ್ರೈವರನ್ನು ದಂಡದ ತುದಿಗೆ ಆನಿಸಿ ಸುತ್ತಿಗೆಯಿಂದ ಹೊಡೆದನು. ದಂಡವು ಸಡಿಲಲಿಲ್ಲ, ಅದರೊಳಗಿನ ತಿರುಪಿನ ಸುತ್ತುಗಳು ನುಗ್ಗಾದವು. ಬೇಸತ್ತು ಬೋಲ್ಟನ್ನು ಬಲವಂತದಿಂದ ಓರೆಯಾಗಿ ತಿರುಗಿಸಿ ಮತ್ತೆ ಕೂರಿಸಿದನು. ಅದು ಹಿಡಿದುಕೊಂಡಂತೆ ಕಂಡಿತು. ಗಾಳಿ ತುಂಬಿದನು. ಬರುವ ಭಾನುವಾರ ಗೆಳೆಯರೊಂದಿಗೆ ಬೆಟ್ಟ ಇಳಿಯುವುದೆಂದು ನಿಶ್ಚಯವಾಗಿತ್ತು. "ಅಂತೂ ಸರಿಯಾಯಿತಲ್ಲ" ಎಂದು ನಾನೂ ಹೇಳಿದೆನು.

ಶನಿವಾರ ಬೆಳಿಗ್ಗೆ ಜಗಲಿ ಸಾರಿಸಹೋದ ನನ್ನ ಮನೆಯವರು, ಬೈಸಿಕಲ್ಲು ನಿಂತಿದ್ದ ಕಡೆ ಎಣ್ಣೆಯ ಕಲೆಯನ್ನು ಕಂಡು, ಇದನ್ನು ಯಾರಿಗಾದರೂ ತೋರಿಸದೆ ಹುಡುಗ ಹೊಸಲು ದಾಟಕೂಡದೆಂದು ಹಟಹಿಡಿದರು. ಶಾಸ್ತ್ರಾರ್ಥವನ್ನು ನಿರ್ಣಯಿಸಿದವನು ನಾನು, ಪ್ರಾಣವನ್ನುಳಿಸಿದವರು ಅವರು.

ಪೇಟೆಯಲ್ಲಿ ಮೋಟಾರ್ ಸೈಕಲ್ ರಿಪೇರಿ ಮಾಡುವ ಒಬ್ಬ ಮುದುಕನಿರುವನು. ಇಂಗ್ಲಿಷ್ ಬಾರದು. ಫೋರ್ಕಿನ ಬುಡವನ್ನು ಬೆರಳಿನಿಂದ ತಡವಿ, "ಬೋಲ್ಟ್ ಪೂರಾ ಬಿಚ್ಚಿದ್ದೇ ತಪ್ಪು ಮೇಷ್ಟ್ರೇ. ಮೂರು ಸುತ್ತು ಸಡಿಲಿಸಬೇಕು, ಬೋಲ್ಟಿನ ತಲೆ ಮೇಲೆ ಕೊಡತೀಲಿ ತಟ್ಟಬೇಕು, ಒಳಗಿಂದು ಬಿಟ್ಟ ಮೇಲೆ ಬಿಚ್ಚಬೇಕು. ಈಗ ತ್ರೆಡ್ಡು ಹೋಗಿದೆ. ಇಳಿಜಾರಲ್ಲಿ ಇದು ಕಳಚಿದ್ದರೆ ಚಕ್ರ ಒಂದು ಕಡೆ, ಹುಡುಗ ಒಂದು ಕಡೆ" ಎಂದನು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೋಗಿ ಅಂಗಡಿಯ ಕಟ್ಟೆಯ ಮೇಲೆ ಕುಳಿತೆನು.

ಕುಳಿತಲ್ಲಿ ನೆನಪಾದುದು ಗೌತಮನ ನ್ಯಾಯಸೂತ್ರ. ಆಪ್ತನ ಉಪದೇಶವೇ ಶಬ್ದಪ್ರಮಾಣವೆಂದು ಆತನ ಲಕ್ಷಣ. ಆಪ್ತನೆಂದರೆ ಯಾರು? ಭಾಷ್ಯಕಾರನಾದ ವಾತ್ಸ್ಯಾಯನನ ಅಭಿಪ್ರಾಯದಂತೆ, ವಿಷಯವನ್ನು ತಾನೇ ಸಾಕ್ಷಾತ್ತಾಗಿ ಕಂಡಿರಬೇಕು. ಕಂಡಂತೆಯೇ ಇನ್ನೊಬ್ಬನಿಗೆ ತಿಳಿಸಬೇಕೆಂಬ ಇಚ್ಛೆಯಿಂದ ಪ್ರೇರಿತನಾಗಿ ನುಡಿಯಬೇಕು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದೂ ಆತನೇ ಹೇಳಿರುವನು. ನಲವತ್ತು ವರ್ಷ ಇದನ್ನು ಪಾಠ ಹೇಳಿದೆನು. ಇಚ್ಛೆಯೆಂಬ ಆ ಪದದ ಭಾರ ಮಾತ್ರ ಅಂದಿನವರೆಗೆ ನನಗೆ ತಿಳಿದಿರಲಿಲ್ಲ. ಪುಸ್ತಿಕೆಯನ್ನು ಬರೆದವನ ವಾಕ್ಯದಲ್ಲಿ ಸುಳ್ಳಿಲ್ಲ. ಬೋಲ್ಟನ್ನು ತೆಗೆಯಬೇಕಾದುದೂ ನಿಜ, ಕಾಲನ್ನು ಬೇರ್ಪಡಿಸಬೇಕಾದುದೂ ನಿಜ. ಆದರೆ ಬರೆಯುವಾಗ ಆತನ ಇಚ್ಛೆ ಯಾವುದಾಗಿತ್ತು? ಮೊದಲ ಪುಟಗಳನ್ನು ನೋಡಿದರೆ, ಓದುವವನು ಕೆಲಸವನ್ನು ಮಾಡಲೆಂಬ ಇಚ್ಛೆಗಿಂತ, ಮಾಡಿ ಕೆಟ್ಟರೆ ತನ್ನ ಮೇಲೆ ವ್ಯಾಜ್ಯ ಬಾರದಿರಲೆಂಬ ಇಚ್ಛೆಯೇ ಬಲವಾಗಿತ್ತೆಂದು ತೋರುವುದು. ಅರ್ಹನಿಂದ ಮಾಡಿಸಿ ಎಂಬುದು ಸ್ವತಃ ಒಳ್ಳೆಯ ಮಾತೇ. ಹಾಗಾದರೆ ಅಲ್ಲಿಗೇ ನಿಲ್ಲಿಸಬೇಕಾಗಿತ್ತು. ಮಾಡಬೇಡವೆಂದು ಹೇಳಿ, ಮುಂದಿನ ಪುಟದಲ್ಲಿ ಮಾಡುವ ಬಗೆಯನ್ನು ಅರ್ಧ ಹೇಳುವುದು ಯಾವ ನ್ಯಾಯ?

ಈ ಬೈಸಿಕಲ್ಲುಗಳು ಹುಟ್ಟಿದ ನೆಲದಲ್ಲಿ ಹೀಗಿರಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಮರೀನ್ ಕೌಂಟಿಯ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿಯ ಗುಡ್ಡದ ದಾರಿಯೊಂದರಲ್ಲಿ 1976ರಿಂದ ಹಳೆಯ ದಪ್ಪ ಚಕ್ರದ ಸೈಕಲ್ಲುಗಳ ಪಂದ್ಯಗಳು ನಡೆದವು. ಆ ದಾರಿಗೆ ರಿಪ್ಯಾಕ್ ಎಂದು ಹೆಸರಾಯಿತು. ಕಾರಣವೇನೆಂದರೆ, ಒಮ್ಮೆ ಇಳಿಯುವಷ್ಟರಲ್ಲಿ ಹಿಂಚಕ್ರದ ನಾಭಿಯೊಳಗಿನ ಬ್ರೇಕು ಕಾದು ಗ್ರೀಸು ಹೊಗೆಯಾಗುತ್ತಿತ್ತು. ನಾಭಿಯನ್ನು ಬಿಚ್ಚಿ ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಆರೈಕೆಯೇ ದಾರಿಯ ಹೆಸರಾದ ದೃಷ್ಟಾಂತ ಬೇರೊಂದನ್ನು ನಾನರಿಯೆ. ಅಲ್ಲಿ ಸವಾರಿ ಮಾಡಿದವನೇ ಬಿಚ್ಚಿದವನು. ತಪ್ಪು ಹೇಳಿದರೆ ಬೀಳುತ್ತಿದ್ದವನೂ ಅವನೇ, ಇಲ್ಲವೆ ಅವನ ಗೆಳೆಯ. ಪಾಲ್ ಟರ್ನರ್ ಎಂಬಾತನು 1989ರಲ್ಲಿ ರಾಕ್‌ಶಾಕ್ಸ್ ಕಂಪೆನಿಯನ್ನು ಆರಂಭಿಸಿ ಪುಟಿಯುವ ಫೋರ್ಕನ್ನು ಮಾರಾಟಕ್ಕೆ ತಂದಮೇಲೆ ಕ್ರಮೇಣ ಮಾಡುವವನು ಒಂದು ಖಂಡದಲ್ಲಿ, ಸವಾರನು ಇನ್ನೊಂದು ಖಂಡದಲ್ಲಿ ಎಂಬಂತಾಯಿತು. ಇಬ್ಬರ ನಡುವೆ ಉಳಿದುದು ಅಕ್ಷರ. ಅಕ್ಷರಕ್ಕೆ ಕೈಯನ್ನು ನೋಡುವ ಕಣ್ಣಿಲ್ಲ.

ಹಾಗೆಂದು ಪುಸ್ತಕವನ್ನು ಹಳಿದು ಮುದುಕನನ್ನು ಋಷಿಪಟ್ಟಕ್ಕೇರಿಸಲು ನನಗಿಷ್ಟವಿಲ್ಲ. ಆತನು ಟ್ಯಾಪು ಹಾಕಿ ತಿರುಪಿನ ಸುತ್ತುಗಳನ್ನು ತಿದ್ದಿ, ಕಾಲುಗಳನ್ನು ಬಿಡಿಸಿ, ಸೀಲುಗಳನ್ನು ಒರಸಿದ ಬಳಿಕ, ಮೋಟಾರ್ ಸೈಕಲ್ಲಿನ ಅಭ್ಯಾಸದಂತೆ ಎಣ್ಣೆಯನ್ನು ಧಾರಾಳವಾಗಿ ಸುರಿಯಹೊರಟನು. ಅಲ್ಲಿ ಒಂದೊಂದು ಕಾಲಿಗೆ 100 ಮಿಲಿಲೀಟರಿಗೂ ಮಿಕ್ಕು ಹಿಡಿಯುವುದು. ಇಂತಹ ಗಾಳಿಯ ಫೋರ್ಕಿನ ಕೆಳಗಾಲಿಗಾದರೋ ಸಾಮಾನ್ಯವಾಗಿ 5ರಿಂದ 10 ಮಿಲಿಲೀಟರು ಸಾಕು. ಹೆಚ್ಚಾದರೆ ಒಳಗಿನ ಗಾಳಿಗೆ ಎಡೆ ಸಾಲದೆ ಫೋರ್ಕು ಪೂರ್ತಿ ಇಳಿಯದು. ಹುಡುಗನು ಪುಸ್ತಿಕೆಯನ್ನು ತೋರಿಸಿ ತಡೆದನು. ಅಲ್ಲಿ ಪುಸ್ತಿಕೆಯೇ ಆಪ್ತ. ಬಿಡಿಸುವುದರಲ್ಲಿ ಆಪ್ತನಾದವನು ತುಂಬುವುದರಲ್ಲಿ ಆಪ್ತನಾಗಬೇಕಿಲ್ಲ.

ಎಣ್ಣೆಯ ವಿಷಯದಲ್ಲಿ ಇನ್ನೂ ಒಂದು ಮೋಸವುಂಟು. ಡಬ್ಬಿಗಳ ಮೇಲೆ 5, 10, 15 ಎಂದು ತೂಕದ ಅಂಕೆಗಳಿರುವುವು. ಅಂಕೆಯನ್ನು ಕಂಡೊಡನೆ ಅಳತೆಯೆಂದು ನಂಬುವುದು ಓದಿದವರ ದೌರ್ಬಲ್ಯ. ಫೋರ್ಕಿನ ಎಣ್ಣೆಗೆ ಸರ್ವಸಮ್ಮತವಾದ ಮಾನವಿಲ್ಲದಿರುವುದರಿಂದ, ಒಬ್ಬರ 10 ಇನ್ನೊಬ್ಬರ 10ಕ್ಕಿಂತ ತೆಳುವಾಗಿರಬಹುದು. ನಿಜವಾದ ಅಳತೆಯು 40 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಸೆಂಟಿಸ್ಟೋಕ್ಸ್ ಎಂಬ ಮಾನದಿಂದ ಕೊಟ್ಟದ್ದು. ಅದನ್ನು ಹಲವರು ಡಬ್ಬಿಯ ಮೇಲೆ ಅಚ್ಚುಹಾಕಿಸುವುದೇ ಇಲ್ಲ. ಬೋಲ್ಟು ಬಿಗಿಸುವ ಬಲದಲ್ಲಿಯೂ ಹಾಗೆಯೇ: 65 ಇಂಚ್-ಪೌಂಡೆಂದರೆ ಸುಮಾರು 7.3 ನ್ಯೂಟನ್-ಮೀಟರು. ಮಾನವನ್ನು ಬಿಟ್ಟು 65 ಎಂದು ಮಾತ್ರ ಬರೆದುಕೊಂಡವನು ಬೋಲ್ಟನ್ನೇ ಮುರಿದಾನು.

ಇನ್ನು ನನ್ನ ಪಾಲು. ಪುಸ್ತಿಕೆಯವನು ದೂರದಲ್ಲಿದ್ದನು, ನಾನು ಪಕ್ಕದಲ್ಲಿಯೇ ಕುಳಿತಿದ್ದೆನು. ಹುಡುಗನಿಗೆ ಸಂಶಯ ಬಂದಿತ್ತು. ಆ ಸಂಶಯವೇ ಅವನನ್ನು ಕಾಯತಕ್ಕದ್ದಾಗಿತ್ತು. ಅದನ್ನು ನಾನು ಪ್ರತ್ಯಯದಿಂದ ಹೊಡೆದುಹಾಕಿದೆನು. ಇದು ಮೊದಲ ಸಲವೂ ಅಲ್ಲ. ಹಿಂದೆ ಶಾಲೆಯ ತೋಟದ ಕೆಲಸವು ನನ್ನ ಪಾಲಿಗೆ ಬಂದಿದ್ದಾಗ, ಮಾವಿನ ಕಸಿ ಕಟ್ಟುವ ಕ್ರಮವನ್ನು ಒಂದು ಪುಸ್ತಕದಿಂದ ಬರೆಯಿಸಿದೆನು. ಎರಡು ಕೊಂಬೆಗಳನ್ನು ಸೀಳಿ ಸೇರಿಸಿ ಬಿಗಿಯಾಗಿ ಕಟ್ಟಬೇಕೆಂದು ಅದರಲ್ಲಿತ್ತು. ತೊಗಟೆಯೊಳಗಿನ ಹಸಿಪದರವು ಒಂದಕ್ಕೊಂದು ತಾಕಬೇಕೆಂಬುದಿರಲಿಲ್ಲ. ನಾನು ಕಸಿ ಕಟ್ಟಿದವನಲ್ಲ. ಮಕ್ಕಳು ಕಟ್ಟಿದುವೆಲ್ಲ ಒಣಗಿದವು. ಅಕ್ಷರ ದುಂಡಾಗಿದ್ದವರಿಗೆ ಹೆಚ್ಚು ಅಂಕ ಕೊಟ್ಟೆನು. ಶಸ್ತ್ರವೈದ್ಯವನ್ನು ಕಲಿಯುವವನು ಮೊದಲು ಕುಂಬಳ, ಸೋರೆ ಮೊದಲಾದುವನ್ನು ಕೊಯ್ದು ಕೈ ಪಳಗಿಸಿಕೊಳ್ಳಬೇಕೆಂದು ಸುಶ್ರುತಸಂಹಿತೆಯಲ್ಲಿ ವಿಧಿಯಿರುವುದು. ಉಪಾಧ್ಯಾಯನಿಗೂ ಅಂತಹದೊಂದು ವಿಧಿಯಿದ್ದಿದ್ದರೆ ನನಗೆ ಕೆಲಸ ಸಿಕ್ಕುತ್ತಿತ್ತೋ ಇಲ್ಲವೋ.

ಈಗ ದೌಹಿತ್ರನು, ತನ್ನ ಗೆಳೆಯರಿಗಾಗಿ ಫೋರ್ಕಿನ ಆರೈಕೆಯನ್ನು ಕನ್ನಡದಲ್ಲಿ ಬರೆದುಕೊಡಬೇಕೆಂದು ನನ್ನನ್ನು ಕೇಳಿರುವನು. ಗಾಳಿ ಬಿಡುವವರೆಗೆ ಬರೆದು ಲೇಖನಿಯನ್ನು ಕೆಳಗಿಟ್ಟೆನು. ಮರುದಿನ ಪಂಚೆ ಹಾಸಿಕೊಂಡು ನಾನೇ ಕುಳಿತು ಎಡಗಾಲಿನ ಬೋಲ್ಟನ್ನು ಮೂರು ಸುತ್ತು ಸಡಿಲಿಸಿ ಕೊಡತಿಯಿಂದ ತಟ್ಟಿದೆನು. ಎರಡು ಪೆಟ್ಟಿಗೆ ಏನೂ ಆಗಲಿಲ್ಲ. ಮೂರನೆಯದಕ್ಕೆ ಸದ್ದು ಬದಲಾಯಿತು, ಬೋಲ್ಟಿನ ತಲೆಯು ಒಳಕ್ಕೆ ಸರಿಯಿತು. ಅದನ್ನು ಹಾಗೆಯೇ ಬರೆದಿರುವೆನು. ಡ್ಯಾಂಪರನ್ನು ಬಿಚ್ಚಿ ಎಣ್ಣೆ ಬದಲಾಯಿಸುವ ಭಾಗವು ಉಳಿದಿದೆ. ಆ ಪುಟದಲ್ಲಿ, ಇದನ್ನು ನಾನು ಮಾಡಿ ನೋಡಿಲ್ಲ ಎಂದು ಮಾತ್ರ ಬರೆದಿಟ್ಟಿರುವೆನು.