ತೋಕ್ ಪೂ ಮತ್ತು ಹಿಟ್ಟಿನ ಕೋಳಿ

ಆಗಸ್ಟ್ ತಿಂಗಳ ಕೊನೆಯ ವಾರ ಬಂದರೆ ನಾನು ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸುತ್ತೇನೆ. ಅದರಲ್ಲಿರುವುದು ಮೂರು ತುಂಡುಗಳನ್ನು ತಿರುಗಿಸಿ ಜೋಡಿಸುವ ಮರದ ಕಡ್ಡಿ, ಹಳೆಯ ಬಿಳಿ ಪಂಚೆಯನ್ನು ಅಂಗೈ ಅಗಲಕ್ಕೆ ಹರಿದಿಟ್ಟ ಬಟ್ಟೆ ಚೂರುಗಳು, ಹಿತ್ತಾಳೆ ತಂತಿಯ ಬ್ರಷ್ಷು, ಹೊಲಿಗೆ ಮಿಷನ್ನಿಗೆ ಹಾಕುವ ಎಣ್ಣೆಯ ಪುಟ್ಟ ಬಾಟಲಿ. ಜಗಲಿಯಲ್ಲಿ ಚಾಪೆ ಹಾಸಿ, ಅಪ್ಪನ ಜೋಡು ನಳಿಕೆಯ ಕೋವಿಯನ್ನು ಬಿಚ್ಚಿ ಮೂರು ಭಾಗ ಮಾಡಿ ಮುಂದಿಟ್ಟುಕೊಂಡು ಕೂರುತ್ತೇನೆ. ಹೊರಗೆ ಮಳೆ ಸುರಿಯುತ್ತಲೇ ಇರುತ್ತದೆ. ನಮ್ಮದು ಕೊಡಗಿನ ಕಕ್ಕಬ್ಬೆ ಕಡೆಯ ಊರು, ತಡಿಯಂಡಮೋಳ್ ಬೆಟ್ಟದ ಬುಡ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಬಂದರೂ ಪೂರ್ತಿ ಬಿಡುವುದಿಲ್ಲ. ಮೂಲೆಗೆ ಹಾಕಿದ ಚಪ್ಪಲಿಗೂ ಬೂಸಲು ಬರುವ ಸೀಮೆ ಇದು.

ಇಂಥ ಕಡೆ ಕೋವಿ ಇಟ್ಟುಕೊಂಡವನಿಗೆ ಕೆಲವು ಪಾಠಗಳು ತಾನಾಗಿ ಬರುತ್ತವೆ. ತೆಂಗಿನೆಣ್ಣೆ ಹಚ್ಚಬಾರದು, ಚಳಿಗೆ ಹೆಪ್ಪುಗಟ್ಟಿ ಅಂಟಾಗಿ ಕೂರುತ್ತದೆ. ತೊಗಲಿನ ಚೀಲದಲ್ಲಿ ಹಾಕಿ ಮುಚ್ಚಿಡಬಾರದು. ತೊಗಲು ತೇವ ಕುಡಿದು ಅದನ್ನು ಕಬ್ಬಿಣಕ್ಕೆ ಉಣಿಸುತ್ತದೆ. ತೋಟೆಗಳನ್ನು ಸೊಂಟದ ಬೆಲ್ಟಿನಲ್ಲೇ ಬಿಟ್ಟರೆ ಅವುಗಳ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಎಣ್ಣೆ ಹೆಚ್ಚಾದರೆ ಅದು ಕೆಳಗಿಳಿದು ಹಿಡಿಯ ಮರವನ್ನು ಮೆತ್ತಗೆ ಮಾಡುತ್ತದೆ, ಆದ್ದರಿಂದ ಕೋವಿಯನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸಬೇಕು. ಅಜ್ಜನ ಕಾಲದ ಕೇಪಿನ ಕೋವಿಗೆ ಕರಿಮದ್ದು. ಅದರ ಮಸಿ ಗಾಳಿಯ ತೇವ ಎಳೆದುಕೊಂಡು ಬೆಳಗಾಗುವುದರೊಳಗೆ ನಳಿಕೆಯನ್ನು ತಿನ್ನಲು ತೊಡಗುತ್ತದೆ. ಎಣ್ಣೆಗೆ ಅದು ಬಗ್ಗುವುದಿಲ್ಲ, ಬಿಸಿನೀರೇ ಬೇಕು. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಕಟ್ಟಳೆ: ಈಡು ಹೊಡೆದ ಕೋವಿ ತೊಳೆಯದೆ ಮಲಗಬಾರದು. ಕರಿಮದ್ದು ಹೋಗಿ ತೋಟೆ ಬಂದ ಮೇಲೂ ಆ ಕಟ್ಟಳೆ ಉಳಿಯಿತು.

ಇಷ್ಟೆಲ್ಲ ಆರೈಕೆಯ ಕೊನೆಗೆ ಬರುವುದು ಕೈಲ್ ಪೊಳ್ದ್. ಸೆಪ್ಟೆಂಬರ್ 3ರ ಆಸುಪಾಸಿಗೆ, ಗದ್ದೆಯ ನಾಟಿ ಮುಗಿದ ಮೇಲೆ ನಾವು ಕೊಡವರು ಆಯುಧಗಳನ್ನು ಪೂಜಿಸುವ ಹಬ್ಬ. ಕೃಷಿಯ ತಿಂಗಳುಗಳಲ್ಲಿ ಕನ್ನಿಕೋಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ತೆಗೆದಿಟ್ಟಿದ್ದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ದೀಪದ ಮುಂದೆ ಸಾಲಾಗಿ ಇಟ್ಟು ಗಂಧ ಹಚ್ಚಿ, ನಳಿಕೆಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತೇವೆ. ತೋಕ್ ಎಂದರೆ ಕೋವಿ, ಪೂ ಎಂದರೆ ಹೂ. ಬೇರೆ ಕಡೆ ಗೌರಿ ಹೂ, ಅಗ್ನಿಶಿಖೆ ಎನ್ನುವುದು ಇದನ್ನೇ. ಅರಳುವಾಗ ಹಳದಿ, ಬರಬರುತ್ತ ಕೆಂಪು. ಎಸಳುಗಳು ಮೇಲಕ್ಕೆ ಮಡಚಿಕೊಂಡು ಉರಿಯ ನಾಲಗೆಯ ಹಾಗೆ ನಿಲ್ಲುತ್ತವೆ. ಗಿಡ ಅಡಿಯಿಂದ ಮುಡಿಯವರೆಗೆ ವಿಷ. ಗೆಡ್ಡೆ ತಿಂದವರು ಬದುಕುವುದು ಕಷ್ಟ. ಕೊಲ್ಲುವ ವಸ್ತುವಿನ ಬಾಯಿಗೆ ಕೊಲ್ಲುವ ಹೂ.

ಸುಮಾರು ಮೂವತ್ತು ವರ್ಷಗಳ ಹಿಂದೆ, ವಿರಾಜಪೇಟೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದಾಗ, ನನ್ನ ಜೊತೆಗಿದ್ದ ಮೇಷ್ಟ್ರೊಬ್ಬರನ್ನು ಹಬ್ಬಕ್ಕೆ ಕರೆದಿದ್ದೆ. ಮೂಡುಬಿದಿರೆ ಕಡೆಯ ಜೈನರು. ಅವರಿಗಾಗಿ ಕಡಂಬಿಟ್ಟಿಗೆ, ಅಂದರೆ ಅಕ್ಕಿ ಉಂಡೆಗೆ, ಬೇರೆ ತರಕಾರಿ ಪಲ್ಯ ಮಾಡಿಸಿದ್ದೆವು. ಪೂಜೆಯ ಹೊತ್ತಿನಲ್ಲಿ ಅವರು ಒಂದು ಪಕ್ಕಕ್ಕೆ ಕೈಕಟ್ಟಿ ನಿಂತಿದ್ದರು. ಸಂಜೆ ಬಯಲಿನಲ್ಲಿ ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಪಂದ್ಯ. ಕಾಯಿ ಒಡೆದು ನೀರು ಚಿಮ್ಮಿದಾಗ ಊರೆಲ್ಲ ಕೂಗಿತು. ವಾಪಸು ಬರುವಾಗ ಅವರು ಮೆತ್ತಗೆ ಕೇಳಿದರು: “ಒಂದು ಮಾತು ಕೇಳಿದರೆ ಬೇಜಾರಿಲ್ಲವಲ್ಲ ಮಾರಾಯ್ರೆ? ಆ ತೆಂಗಿನಕಾಯಿ ಜನ್ನನ ಹಿಟ್ಟಿನ ಕೋಳಿಯೇ ಅಲ್ವಾ?”

ಅದೇ ವರ್ಷ ನಾವಿಬ್ಬರೂ ಯಶೋಧರ ಚರಿತೆಯನ್ನು ಪಾಠ ಮಾಡುತ್ತಿದ್ದೆವು. 13ನೆಯ ಶತಮಾನದ ಆರಂಭದಲ್ಲಿ ಜನ್ನ ಬರೆದ ಆ ಕಾವ್ಯದಲ್ಲಿ ತಾಯಿ ಚಂದ್ರಮತಿ ಮಗನಿಗೆ ಪ್ರಾಣಿಬಲಿ ಕೊಡೆಂದು ಹೇಳುತ್ತಾಳೆ. ಯಶೋಧರ ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ಒಂದು ನಡುದಾರಿ ಹಿಡಿಯುತ್ತಾರೆ: ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ಚಂಡಮಾರಿಗೆ ಕಡಿಯುವುದು. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಒಂದು ತೊಟ್ಟು ರಕ್ತವೂ ಬೀಳದ ಆ ಕೊಲೆಗಾಗಿ ತಾಯಿ ಮಗ ಇಬ್ಬರೂ ಜನ್ಮ ಜನ್ಮ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಸಂಕಲ್ಪದಲ್ಲಿ ಕೊಂದರೂ ಕೊಂದ ಹಾಗೆಯೇ ಎಂಬುದು ಜನ್ನನ ನಿಲುವು. ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ಎಂದೂ ನಮ್ಮ ಬಯಲಿನ ತೆಂಗಿನಕಾಯಿ ನೆನಪಾಗಿರಲಿಲ್ಲ. ಅವತ್ತು ಉತ್ತರ ಹೊಳೆಯಲಿಲ್ಲ. ನೆನಪಾದದ್ದು 1969ರ ಒಂದು ಕಾಡುಕುರಿ.

ಆಗ ನನಗೆ ಹದಿನೈದು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ; ಅದಕ್ಕೆ ಮುಂಚೆ ಕೈಲ್ ಪೊಳ್ದ್ ಮುಗಿದ ಮರುದಿನದಿಂದ ಗಂಡಸರು ನಾಯಿ ಕಟ್ಟಿಕೊಂಡು ಬೇಟೆಗೆ ಹೋಗುತ್ತಿದ್ದರು. ಹಿಂದಿನ ಸಂಜೆ ಅಪ್ಪ ನನಗೆ ಕೊಟ್ಟಿದ್ದ ಕೆಲಸ ಒಂದೇ: ನೆನೆದಿದ್ದ ಬೆಲ್ಟಿನಿಂದ ತೋಟೆಗಳನ್ನು ತೆಗೆದು ಒರೆಸಿ, ಒಲೆಯಿಂದ ದೂರ ಬೆಚ್ಚಗಿನ ಜಾಗದಲ್ಲಿ ಹರವುವುದು. ಆಗಿನ ತೋಟೆಗೆ ಕಾಗದದ ಕೊಳವೆ, ತೇವ ತಗುಲಿದರೆ ಉಬ್ಬಿ ಮದ್ದು ತಣ್ಣಗಾಗುತ್ತದೆ. ಹಬ್ಬದ ಗದ್ದಲದಲ್ಲಿ ನಾನು ಬೆಲ್ಟನ್ನು ಹಾಗೇ ಗೂಟಕ್ಕೆ ಸಿಕ್ಕಿಸಿ ಹೋದೆ. ಬೆಳಗ್ಗೆ ತೋಟೆ ನಳಿಕೆಗೆ ಸಲೀಸಾಗಿ ಇಳಿಯಲಿಲ್ಲ. ಹೆಬ್ಬೆರಳಿನಿಂದ ಅದುಮಿ ಕೂರಿಸಿದೆ. ಬೇಡವೆಂದು ಆ ಬೆರಳಿಗೆ ಗೊತ್ತಾಗಿತ್ತು, ನಾನು ಕೇಳಲಿಲ್ಲ. ಏಲಕ್ಕಿ ಮಲೆಯ ಅಂಚಿನಲ್ಲಿ ಕಾಡುಕುರಿ ಎದ್ದಿತು. ಹೊಡೆದೆ. ಸದ್ದು ಪುಸ್ಸೆಂದಿತು, ಹೊಗೆ ಮಾತ್ರ ದಂಡಿಯಾಗಿ ಬಂತು. ಕಾಡುಕುರಿ ಒಮ್ಮೆ ಬಗ್ಗಿ, ಎದ್ದು, ಕುಂಟುತ್ತ ಇಳಿಜಾರಿನಲ್ಲಿ ಮಾಯವಾಯಿತು.

ಅಪ್ಪ ಬೇಟೆ ನಿಲ್ಲಿಸಿದರು. ಉಳಿದವರನ್ನು ಮನೆಗೆ ಕಳಿಸಿ ನನ್ನೊಬ್ಬನನ್ನೇ ಕರೆದುಕೊಂಡು ರಕ್ತದ ಜಾಡು ಹಿಡಿದರು. ಕುರುಚಲಿನ ಎಲೆಯ ಮೇಲೆ ಕುಂಕುಮದ ಬೊಟ್ಟಿನಷ್ಟು ರಕ್ತ, ಹತ್ತು ಮಾರು ಬಿಟ್ಟು ಇನ್ನೊಂದು. ಮಧ್ಯಾಹ್ನ ಮಳೆ ಬಂದು ಜಾಡು ತೊಳೆದುಹೋಯಿತು. ಆದರೂ ಕತ್ತಲಾಗುವವರೆಗೆ ಹುಡುಕಿದೆವು. ಸಿಗಲಿಲ್ಲ. ಜಿಗಣೆ ಕಚ್ಚಿದ ಕಾಲನ್ನು ಹೊಳೆಯಲ್ಲಿ ತೊಳೆಯುತ್ತ ಅಪ್ಪ ಅಂದದ್ದು ಒಂದೇ ಮಾತು: “ಅದರ ಹೊಟ್ಟೆಯಲ್ಲಿರುವುದು ಚರೆ ಅಂದುಕೊಂಡಿದ್ದೀಯಾ? ನಿನ್ನ ಉದಾಸೀನ.”

ಆ ಜೈನ ಮಿತ್ರರಿಗೆ ಈ ಕತೆಯನ್ನು ಒಂದು ದಿನ ಸ್ಟಾಫ್ ರೂಮಿನಲ್ಲಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ನಿಮ್ಮ ತಂದೆಯವರು ತತ್ತ್ವಾರ್ಥಸೂತ್ರ ಓದಿದ್ದರೇ ಎಂದು ಕೇಳಿದರು. ಉಮಾಸ್ವಾತಿಯ ಆ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಮೊದಲು ಬರುವ ಮಾತೇ ಪ್ರಮಾದ: ಎಚ್ಚರ ತಪ್ಪಿದ ಮನಸ್ಸು, ಮಾತು, ಮೈಯಿಂದ ಪ್ರಾಣಕ್ಕೆ ಕೇಡಾಗುವುದು ಹಿಂಸೆ. ಸಾವು ಅದರ ತುದಿ, ಬೇರು ಪ್ರಮಾದ. ಅದಕ್ಕೇ ಜೈನ ಮುನಿಗಳಿಗೆ ಐದು ಸಮಿತಿಗಳನ್ನು ವಿಧಿಸಿದ್ದಾರೆ ಎಂದು ಅವರು ಬಿಡಿಸಿ ಹೇಳಿದರು. ನಾಲ್ಕನೆಯದರ ಹೆಸರು ಆದಾನ ನಿಕ್ಷೇಪಣ ಸಮಿತಿ. ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಎಚ್ಚರ. ಮುನಿ ಕಮಂಡಲವನ್ನು ನೆಲಕ್ಕೆ ಇಡುವ ಮೊದಲು ನವಿಲುಗರಿಯ ಪಿಂಛಿಯಿಂದ ಆ ಜಾಗವನ್ನು ಸವರುತ್ತಾರೆ, ಇರುವೆಯೊಂದು ಅಡಿಗೆ ಸಿಕ್ಕಬಾರದೆಂದು.

ನಾನು ಬೆಚ್ಚಿದೆ. ಅಪ್ಪ ನನಗೆ ಕಲಿಸಿದ್ದೆಲ್ಲ ಎತ್ತುವ ಇಡುವ ಪಾಠವೇ. ಕೋವಿ ಕೈಗೆ ಬಂದ ಕೂಡಲೆ ಬಿಚ್ಚಿ ತೋಟೆ ಇದೆಯೇ ನೋಡು. ಬೇಲಿ ದಾಟುವಾಗ ತೋಟೆ ತೆಗೆ. ಬಾಯಿ ಯಾರ ಕಡೆಗೂ ತಿರುಗದಿರಲಿ. ಕೋವಿ ಒಂದು ಕಡೆ, ತೋಟೆ ಬೀಗ ಹಾಕಿದ ಬೇರೆ ಕಡೆ. ಪೂಜೆಯಾದ ಮೇಲೆ ಮೊದಲು ಮಾಡಬೇಕಾದ ಕೆಲಸ ತೋಕ್ ಪೂ ತೆಗೆದು ನಳಿಕೆಯನ್ನು ದೀಪಕ್ಕೆ ಹಿಡಿದು ಆಚೆಯಿಂದ ಈಚೆಗೆ ಬೆಳಕು ಕಾಣುತ್ತದೆಯೇ ನೋಡುವುದು. ಒಂದು ಎಸಳೋ ಬಟ್ಟೆಯ ಚೂರೋ ಒಳಗೆ ಉಳಿದುಬಿಟ್ಟರೆ ನಳಿಕೆಯೇ ಸಿಡಿದು ಹೊಡೆದವನ ಕೈ ಹೋಗಬಹುದು.

ಆದರೆ ಈ ಹೋಲಿಕೆಯಲ್ಲಿ ಸುಮ್ಮನೆ ಒರಗಿಕೊಂಡುಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಮುನಿಯ ಎಚ್ಚರ ಇರುವೆಯನ್ನು ಉಳಿಸುವುದಕ್ಕೆ. ಅಪ್ಪನ ಎಚ್ಚರ ಕಾಡುಕುರಿ ನರಳದೆ ಒಂದೇ ಈಡಿಗೆ ಬೀಳಲಿ ಎನ್ನುವುದಕ್ಕೆ. ತೋಟೆ ಒಣಗಿದ್ದಿದ್ದರೆ ಆ ಪ್ರಾಣಿ ಸ್ಥಳದಲ್ಲೇ ಸಾಯುತ್ತಿತ್ತು. ನನಗೆ ಪಶ್ಚಾತ್ತಾಪವೂ ಆಗುತ್ತಿರಲಿಲ್ಲ. ಬೇಕೆಂದೇ ಮಾಡುವ ಬೇಟೆಯನ್ನು ಜೈನರು ಸಂಕಲ್ಪೀ ಹಿಂಸೆ ಎಂದು ಗೃಹಸ್ಥನಿಗೂ ನಿಷೇಧಿಸಿದ್ದಾರೆ. ಎಣ್ಣೆ ಹಚ್ಚಿದ ಕೋವಿಯಿಂದ ಹೊಡೆದರೆ ಆ ಪಾಪ ಕಮ್ಮಿಯಾಗುವುದಿಲ್ಲ. ಇದನ್ನು ಮಿತ್ರರು ನನ್ನ ಮುಖಕ್ಕೇ ಹೇಳಿದರು, ನಾನು ಒಪ್ಪಿಕೊಂಡೆ.

ಒಪ್ಪಿಕೊಂಡ ಮೇಲೆ ನನ್ನ ನಾಡಿನ ಕಡೆಗೆ ತಿರುಗಿ ನೋಡಿದೆ. ಬೇಟೆಯಾಡಿದ ನಮ್ಮ ಹಿರಿಯರಿಗೆ ಈ ತಳಮಳ ಇರಲಿಲ್ಲವೇ? ಹುಲಿ ಹೊಡೆದವನಿಗೆ ನರಿ ಮಂಗಲ ಮಾಡುತ್ತಿದ್ದರು. ಕೊಡವ ಮಾತಿನಲ್ಲಿ ನರಿ ಎಂದರೆ ಹುಲಿ. ಮದುವೆಯ ಹಾಗೆ ಮಂಟಪ ಕಟ್ಟಿ, ಸತ್ತ ಹುಲಿಯ ಪಕ್ಕದಲ್ಲಿ ಹೊಡೆದವನನ್ನು ಕೂರಿಸಿ ಹರಸುತ್ತಿದ್ದರು. ಜನ ಇದನ್ನು ಶೌರ್ಯಕ್ಕೆ ಮಾಡಿದ ಸನ್ಮಾನ ಎನ್ನುತ್ತಾರೆ, ಅದು ನಿಜ. ನನಗೆ ಇನ್ನೊಂದೂ ಕಾಣುತ್ತದೆ: ಕೊಂದವನು ಕೊಂದದ್ದರ ಪಕ್ಕದಲ್ಲಿ ಊರೆಲ್ಲ ನೋಡುತ್ತಿರುವಾಗ ಕೂರಲೇಬೇಕಿತ್ತು, ಎದ್ದು ಹೋಗುವಂತಿರಲಿಲ್ಲ. ಊರ ದೇವರ ಹಬ್ಬಕ್ಕೆ ಕಟ್ಟು ಬಿದ್ದರೆ ಪ್ರಾಣಿ ಕೊಲ್ಲುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ. ಇನ್ನು ಅಯ್ಯಪ್ಪ. ಬೇಟೆಗಾರರ ದೇವರು. ಅವನಿಗೆ ಹರಕೆಯೆಂದು ನಮ್ಮವರು ಒಪ್ಪಿಸುವುದು ಮಣ್ಣಿನ ನಾಯಿಗಳನ್ನು. ಆದರೆ ಅವನು ಇರುವ ದೇವರಕಾಡಿನಲ್ಲಿ ಬೇಟೆ ಇಲ್ಲ, ಕೊಡಲಿ ಇಲ್ಲ. ಕೊಡಗಿನಲ್ಲಿ ಇಂಥ ದೇವರಕಾಡುಗಳು ಸಾವಿರಕ್ಕೂ ಹೆಚ್ಚಿವೆ. ನಮ್ಮೂರಿನದರಲ್ಲಿ ಮರದ ಬುಡದಲ್ಲಿ ಸಾಲಾಗಿ ಕುಳಿತ ಮಣ್ಣಿನ ನಾಯಿಗಳ ಕಿವಿ ಪಾಚಿ ಹಿಡಿದು ಹಸಿರಾಗಿದೆ. ಯಾವುದನ್ನೂ ಅಟ್ಟದೆ ಅವು ಎಷ್ಟೋ ಮಳೆಗಾಲಗಳಿಂದ ಅಲ್ಲಿ ಕಾದು ಕುಳಿತಿವೆ. ಬೇಟೆಯ ದೇವರೇ ಬೇಟೆಗೆ ಗಡಿ ಹಾಕಿ ಕುಳಿತ ಮೇಲೆ, ಆಯುಧಪೂಜೆಯ ಅರ್ಥವನ್ನು ನಾನು ಬೇರೆಲ್ಲಿ ಹುಡುಕಲಿ? ಕೈಲ್ ಪೊಳ್ದ್‌ನ ದಿನ ನಾವು ಕೋವಿಯನ್ನು ಹೊರತೆಗೆಯುತ್ತೇವೆ ಎಂಬುದನ್ನೇ ಎಲ್ಲರೂ ನೋಡುತ್ತಾರೆ. ಅದಕ್ಕೆ ಮೊದಲು ಅದನ್ನು ಒಳಗಿಟ್ಟು ಗುರಿಗೆ ಎತ್ತದೆ ಇದ್ದೆವಲ್ಲ, ಆ ತಿಂಗಳುಗಳೂ ಪೂಜೆಯೇ.

1861ರಿಂದ ಬಂದ ವಿನಾಯಿತಿಯಂತೆ ಕೊಡವರೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ರಾಜ್ಯದ ಹೈಕೋರ್ಟು ಎತ್ತಿಹಿಡಿಯಿತು. ಸಭೆಗಳಲ್ಲಿ ಇದನ್ನು ಹಕ್ಕು ಎನ್ನುತ್ತಾರೆ, ನಾನೂ ಅನ್ನುತ್ತೇನೆ. ಆದರೆ ಬಟ್ಟೆ ಚೂರನ್ನು ಕಡ್ಡಿಗೆ ಸುತ್ತುತ್ತ ಕೂತಾಗ ನನಗೆ ಅದು ತೀರಿಸಬೇಕಾದ ಸಾಲದಂತೆ ಕಾಣುತ್ತದೆ. ಬೇರೆಯವರಿಗೆ ಕೊಡದ ನಂಬಿಕೆಯನ್ನು ನಮಗೆ ಕೊಟ್ಟಿದ್ದಾರೆ. ಒಬ್ಬನ ಒಂದು ಉದಾಸೀನ ಸಾಕು, ಆ ನಂಬಿಕೆ ಮುಗಿಯುವುದಕ್ಕೆ.

1972ರ ಕಾಯ್ದೆ ಬಂದ ಮೇಲೆ ಅಪ್ಪ ಮತ್ತೆಂದೂ ಪ್ರಾಣಿಯ ಮೇಲೆ ಕೋವಿ ಎತ್ತಲಿಲ್ಲ. ಆದರೆ ತಿಂಗಳಿಗೊಮ್ಮೆ ಒರೆಸುವುದನ್ನು ಬಿಡಲಿಲ್ಲ. ಹೊಡೆಯದ ಕೋವಿಗೆ ಇಷ್ಟು ಆರೈಕೆ ಯಾಕೆ ಎಂದು ಒಮ್ಮೆ ಕೇಳಿದ್ದೆ. “ಅದು ಮಾತಾಡಬೇಕಾದ ದಿನ ತೊದಲಬಾರದು” ಎಂದಿದ್ದರು. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು. ನನ್ನ ಮಗಳು ಹುಟ್ಟಿದಾಗ ಅಪ್ಪ ಯಾರನ್ನೂ ಕೇಳದೆ ಅಂಗಳಕ್ಕಿಳಿದು ಒಂದು ಈಡು ಹೊಡೆದಿದ್ದರು. ಸಾವಾದರೆ ಒಂದರ ಹಿಂದೆ ಒಂದು, ಎರಡು.

2007ರ ಜುಲೈಯಲ್ಲಿ ಅಪ್ಪ ಹೋದರು. ಎಡೆಬಿಡದ ಮಳೆ, ಕರೆಂಟಿಲ್ಲ, ಹೊಳೆ ತುಂಬಿ ಆಚೆ ಕೇರಿಗೆ ದಾರಿ ಇಲ್ಲ. ತೇವ ಎಳೆಯಲೆಂದು ಹುರಿದ ಅಕ್ಕಿಯ ಗಂಟಿನ ಜೊತೆ ಡಬ್ಬಿಯಲ್ಲಿಟ್ಟಿದ್ದ ತೋಟೆಗಳಲ್ಲಿ ಎರಡನ್ನು ತೆಗೆದೆ. ಒಣಗಿದ್ದವು. ನಳಿಕೆಗೆ ತಾವಾಗಿ ಇಳಿದವು, ಹೆಬ್ಬೆರಳು ಬೇಕಾಗಲಿಲ್ಲ. ಎರಡೂ ಈಡು ಮಳೆಯನ್ನು ಸೀಳಿಕೊಂಡು ಹೊಳೆಯಾಚೆಗೆ ಮುಟ್ಟಿದವು. ಸ್ವಲ್ಪ ಹೊತ್ತಿಗೆ ಆಚೆ ಕೇರಿಯ ದಿಬ್ಬದಲ್ಲಿ ಒಂದೊಂದೇ ಲಾಟೀನು ಕಾಣಿಸಿತು.

ಆ ರಾತ್ರಿ ಎಲ್ಲರೂ ಅಪ್ಪನ ಸುತ್ತ ಕೂತಿದ್ದರು. ನಾನು ಎದ್ದು ಅಡುಗೆಮನೆಗೆ ಹೋಗಿ ಒಲೆಯ ಮೇಲೆ ನೀರಿಟ್ಟೆ. ಇವತ್ತು ಬಿಡು, ನಾಳೆ ನೋಡಿದರಾಯಿತು ಎಂದು ಯಾರೋ ಅಂದರು. ಅವ್ವ ಮಾತ್ರ ಏನೂ ಅನ್ನದೆ ಬಟ್ಟೆ ಚೂರುಗಳ ಡಬ್ಬಿಯನ್ನು ತಂದು ನನ್ನ ಪಕ್ಕದಲ್ಲಿಟ್ಟರು. ಮೊದಲ ಚೂರು ಕಪ್ಪಾಗಿ ಹೊರಬಂತು, ಎರಡನೆಯದು ಬೂದಿ ಬಣ್ಣ. ಬಟ್ಟೆ ಬಿಳಿಯಾಗಿ ಹೋಗಿ ಬಿಳಿಯಾಗಿಯೇ ಬರುವವರೆಗೆ ಕಡ್ಡಿ ಆಡಿಸಿದೆ. ಆಮೇಲೆ ಒಂದು ಹನಿ ಎಣ್ಣೆ ಹಚ್ಚಿ, ಕೋವಿಯನ್ನು ಬಾಯಿ ಕೆಳಗೆ ಮಾಡಿ ಅದರ ಮೂಲೆಯಲ್ಲಿ ನಿಲ್ಲಿಸಿ, ಹೋಗಿ ಅಪ್ಪನ ಹತ್ತಿರ ಕೂತೆ.