ಗಾಳಿಯನ್ನು ಬಿಟ್ಟು ಹಾಕಿದ ಲೆಕ್ಕ

ಬಳ್ಳಾರಿಯ ಸತ್ಯನಾರಾಯಣಪೇಟೆಯ ಎರಡಂತಸ್ತಿನ ಮನೆಯ ಮಾಳಿಗೆ ನೆಲದಿಂದ ಆರು ಮೀಟರ್ ಎತ್ತರ ಎನ್ನಿ. ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡು ಅಲ್ಲಿಂದ ಕಲ್ಲೊಂದನ್ನು ಕೈಬಿಟ್ಟರೆ ಎಷ್ಟು ಹೊತ್ತಿಗೆ ಬೀಳುತ್ತದೆ? ಮೊದಲ ಪಿಯು ಹುಡುಗಿಗೆ ಇದು ಎರಡು ಸಾಲಿನ ಕೆಲಸ. ಎತ್ತರದ ಎರಡರಷ್ಟನ್ನು 9.8ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.1 ಸೆಕೆಂಡ್, ನೆಲ ಮುಟ್ಟುವಾಗಿನ ವೇಗ ಗಂಟೆಗೆ 39 ಕಿಲೋಮೀಟರ್. ಬಿದ್ದದ್ದು ಸಂಡೂರಿನ ಅದಿರಿನ ತುಂಡೋ ಹೊಲದ ಒಣ ಹೆಂಟೆಯೋ, ಸೂತ್ರ ಕೇಳುವುದೇ ಇಲ್ಲ. ಅದರಲ್ಲಿ ತೂಕಕ್ಕೆ ಜಾಗವಿಲ್ಲ. ಮೊಬೈಲಿನ ಸ್ಟಾಪ್‌ವಾಚ್ ಒತ್ತಿ ನೋಡಿದರೂ, ಬೆರಳಿನ ತಡ ಬಿಟ್ಟರೆ, ಉತ್ತರ ಅದೇ.

ಈಗ ಇದೇ ಸೂತ್ರವನ್ನು ಮಳೆಗೆ ಹಚ್ಚಿ. ಬಳ್ಳಾರಿಯ ಬಿಸಿಲಿಗೆ ಕಾದ ಮಾಳಿಗೆಯ ಮೇಲೆ ಮೊದಲ ದಪ್ಪ ಹನಿ ಬಿದ್ದು, ರೂಪಾಯಿಯಗಲ ಕಲೆ ಮಾಡಿ, ಕಣ್ಣೆದುರೇ ಆರಿಹೋಗುತ್ತದಲ್ಲ, ಅದು ಒಂದು ಕಿಲೋಮೀಟರ್ ಮೇಲಿನಿಂದ ಹೊರಟಿದ್ದರೆ ಸೂತ್ರದ ಪ್ರಕಾರ ಸೆಕೆಂಡಿಗೆ 140 ಮೀಟರ್. ಗಂಟೆಗೆ 504 ಕಿಲೋಮೀಟರ್! ಕೊಡೆ ಜರಡಿಯಾಗಬೇಕಿತ್ತು. ನಿಜದಲ್ಲಿ ದೊಡ್ಡ ಹನಿಯೂ ಸೆಕೆಂಡಿಗೆ 9 ಮೀಟರಿನ ಆಸುಪಾಸಿನಲ್ಲೇ ಬರುತ್ತದೆ, ಗಂಟೆಗೆ ಮೂವತ್ತು ಚಿಲ್ಲರೆ. ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚಿ ಹನಿಯ ತೂಕಕ್ಕೆ ಸಮನಾಗುತ್ತದೆ. ಅಲ್ಲಿಂದಾಚೆ ವೇಗ ಏರದು. ಮೋಡದಿಂದ ಇಳಿದ ಹನಿ ಮಾಳಿಗೆಯಿಂದ ಬಿದ್ದ ಕಲ್ಲಿಗಿಂತ ನಿಧಾನ ಎಂದಾಯಿತು.

ಗಾಳಿಯನ್ನು ಕಡೆಗಣಿಸಿ ಎನ್ನುವುದು ಸುಳ್ಳು ಕಲಿಸಿದಂತಲ್ಲ. ಗೆಲಿಲಿಯೋ ಅದನ್ನು ಬದಿಗಿಟ್ಟದ್ದು ತಿಳಿದೇ. ಬೀಳುವ ವಸ್ತುಗಳ ಲೆಕ್ಕ ಕೊಟ್ಟ 1638ರ ಪುಸ್ತಕದಲ್ಲೇ ಗಾಳಿಯ ತಡೆಯ ಮಾತನ್ನೂ ಆಡಿದ್ದಾನೆ. ತಕರಾರು ಏನೆಂದರೆ, ಯಾವಾಗ ಕಡೆಗಣಿಸಬಹುದು ಎಂಬುದನ್ನು ನಾವು ಹೇಳುವುದಿಲ್ಲ. ಪಿಯು ಪಠ್ಯದಲ್ಲೇ ಒಂದು ಗ್ರಾಂ ಹನಿಯೊಂದು ಕಿಲೋಮೀಟರ್ ಎತ್ತರದಿಂದ ಬಿದ್ದು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ನೆಲ ಮುಟ್ಟುವ ಉದಾಹರಣೆ ಇದೆ. ಗುರುತ್ವ ಮಾಡಿದ 10 ಜೂಲ್ ಕೆಲಸದಲ್ಲಿ 8.75 ಜೂಲನ್ನು ಗಾಳಿ ನುಂಗಿತು ಎಂದು ತೋರಿಸುವ ಒಳ್ಳೆಯ ಲೆಕ್ಕವೇ. ಹನಿ ಮಾತ್ರ ಕಟ್ಟುಕಥೆಯದು. ಒಂದು ಗ್ರಾಂ ಹನಿ ಎಂದರೆ ಒಂದು ಸೆಂಟಿಮೀಟರಿಗೂ ಮೀರಿದ ದಪ್ಪ. ಅಂಥದು ದಾರಿಯಲ್ಲೇ ಒಡೆದುಹೋಗುತ್ತದೆ.

ಪರೀಕ್ಷೆಯಲ್ಲಿ 140 ಎಂದು ಬರೆದವಳಿಗೆ ಪೂರ್ತಿ ಅಂಕ ಕೊಡಬೇಕಾದದ್ದೇ. ಅದರ ಬೆನ್ನಿಗೇ ಇನ್ನೊಂದು ಅಂಕಕ್ಕೆ, ಈ ಉತ್ತರವನ್ನು ನೀವು ನಂಬುವಿರಾ, ಏಕೆ ಎಂದೂ ಕೇಳಬಾರದೇಕೆ? ಮಳೆಯಲ್ಲಿ ನೆನೆದವರೆಲ್ಲ ಉತ್ತರಿಸಬಲ್ಲ ಪ್ರಶ್ನೆ ಅದು.