ಸಾಕುವುದು ಮತ್ತು ಸಾಕೆನ್ನುವುದು

ಪ್ರೀತಿಗೆ ಬಜೆಟ್ ಹಾಕಬಹುದೇ? ಮಗಳು ನಾಯಿಮರಿ ಕೇಳುತ್ತಿದ್ದಾಳೆ, ನಾನು ಎಕ್ಸೆಲ್ ಶೀಟಿನಲ್ಲಿ ಖರ್ಚು ಬರೆಯುತ್ತಿದ್ದೇನೆ ಎಂದಾಗ ಗೆಳೆಯನೊಬ್ಬ, "ಮಗಳು ಹುಟ್ಟುವ ಮುಂಚೆ ಅವಳ ನೆಗಡಿಗೂ ಬಜೆಟ್ ಹಾಕಿದ್ದೆಯಾ ಮಾರಾಯ?" ಎಂದ. ತಮಾಷೆಯೊಳಗೆ ಗಟ್ಟಿ ಪ್ರಶ್ನೆಯೊಂದಿದೆ. ಜೀವವೊಂದನ್ನು ಮನೆಗೆ ತರುವ ಮೊದಲೇ ಅದರ ಕಾಯಿಲೆಗೆ ಇಷ್ಟು ಹಣ ಎಂದು ಬರೆದಿಡುವುದು ಆ ಜೀವಕ್ಕೆ ಬೆಲೆ ಕಟ್ಟಿದಂತಲ್ಲವೇ?

ಮೊದಲು ಲೆಕ್ಕವನ್ನೇ ನೋಡೋಣ. ಯೆರವಡಾದಲ್ಲಿ ಕಾಮರ್‌ಝೋನ್‌ನಂಥ ಐಟಿ ಪಾರ್ಕುಗಳ ಆಸುಪಾಸಿನ ಫ್ಲ್ಯಾಟುಗಳಲ್ಲಿ ಇರುವ ನಮ್ಮಂಥವರು ಸಹಜವಾಗಿ ಹುಡುಕುವುದು ಚಿಕ್ಕ ನಾಯಿಯನ್ನು: ಪಗ್, ಶಿ ಟ್ಜು, ಪಾಮೆರೇನಿಯನ್. ಚಿಕ್ಕ ನಾಯಿಗೆ ಚಿಕ್ಕ ಖರ್ಚು ಎಂಬ ನಂಬಿಕೆ. ಊಟದ ಮಟ್ಟಿಗೆ ಅದು ನಿಜ. ಡಾಕ್ಟರ ಲೆಕ್ಕದಲ್ಲಿ ಹಾಗಲ್ಲ. ರೇಬಿಸ್ ಲಸಿಕೆ ಐದು ಕೆಜಿಯ ನಾಯಿಗೂ ಐವತ್ತು ಕೆಜಿಯದಕ್ಕೂ ಒಂದೇ ಡೋಸು. ಚಿಕ್ಕ ತಳಿಗಳು ಸಾಮಾನ್ಯವಾಗಿ 12ರಿಂದ 15 ವರ್ಷ ಬದುಕುತ್ತವೆ, ದೊಡ್ಡವಕ್ಕಿಂತ ಹೆಚ್ಚು. ಪುಟ್ಟ ಬಾಯಲ್ಲಿ ಹಲ್ಲುಗಳು ಒತ್ತೊತ್ತಾಗಿದ್ದು ಒಸಡಿನ ರೋಗ ಬೇಗ ಬರುತ್ತದೆ. ಹಲ್ಲು ಸರಿಯಾಗಿ ಶುಚಿ ಮಾಡಿಸಲು ಅರಿವಳಿಕೆಯೇ ಬೇಕು. ಮಂಡಿಚಿಪ್ಪು ಜಾರುವುದೂ ಸಾಮಾನ್ಯ. 2003ರ ಹಚ್ ಜಾಹೀರಾತಿನಿಂದ ಮನೆಮಾತಾದ ಪಗ್‌ನದು ಮೋಟು ಮೂಗು. ಅದಕ್ಕೆ ಉಸಿರಾಟವೇ ಕಷ್ಟ, ಪುಣೆಯ ಏಪ್ರಿಲ್ ಬಿಸಿಲಲ್ಲಿ ಇನ್ನೂ ಕಷ್ಟ.

ನಮ್ಮ ಪ್ರಾಜೆಕ್ಟ್ ಭಾಷೆಯಲ್ಲಿ ಹೇಳುವುದಾದರೆ ಖರ್ಚು ಎರಡು ಬಗೆ. ಗೊತ್ತಿರುವುದು: ಲಸಿಕೆ, ಜಂತುಹುಳದ ಔಷಧಿ, ಉಣ್ಣಿ ತಡೆಯುವ ಮದ್ದು, ಸಂತಾನಹರಣ ಶಸ್ತ್ರಚಿಕಿತ್ಸೆ, ಮಹಾನಗರಪಾಲಿಕೆಯ ಪರವಾನಗಿ. ಬರಬಹುದಾದದ್ದು: ಪಾರ್ವೊ, ಉಣ್ಣಿ ಜ್ವರ, ಮುರಿದ ಕಾಲು, ಮುಪ್ಪಿನಲ್ಲಿ ಕೈಕೊಡುವ ಕಿಡ್ನಿ. ಮೊದಲನೆಯದು ಸಂಬಳದಲ್ಲಿ ಹೇಗೋ ಸರಿಹೋಗುತ್ತದೆ. ಎರಡನೆಯದಕ್ಕೆಂದು ತಿಂಗಳಿಗೆ 1,500 ರೂಪಾಯಿ ಎತ್ತಿಟ್ಟರೆ ವರ್ಷಕ್ಕೆ 18,000, 15 ವರ್ಷಕ್ಕೆ 2,70,000. ಹಣಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಆ 15. ಈಗ ಹತ್ತು ವರ್ಷದ ಮಗಳಿಗೆ ಆಗ 25, ನನಗೆ 60. ಇಂದು ಮರಿಯನ್ನು ಕೇಳುತ್ತಿರುವವಳು ಮುದಿ ನಾಯಿಯ ಹತ್ತಿರ ಇರುವುದು ಅನುಮಾನ.

ಇನ್ನು ಬೆಲೆ ಕಟ್ಟುವ ಪ್ರಶ್ನೆ. ಕನ್ನಡದಲ್ಲಿ 'ಸಾಕು' ಎಂದರೆ ಪೋಷಿಸು ಎಂದೂ ಹೌದು, ಇನ್ನು ಬೇಡ ಎಂದೂ ಹೌದು. ಸಾಕಿದವನೇ ಒಂದು ದಿನ ಸಾಕು ಎನ್ನಬೇಕಾಗಿ ಬರುತ್ತದೆ. ಅಂದು ಪಶುವೈದ್ಯರ ಮೇಜಿನ ಮುಂದೆ ಎರಡು ಪ್ರಶ್ನೆಗಳು ಒಟ್ಟಿಗೇ ಏಳುತ್ತವೆ. ಈ ಚಿಕಿತ್ಸೆಯಿಂದ ನಾಯಿಗೆ ಒಳ್ಳೆಯದಾಗುತ್ತದೆಯೇ? ಇದನ್ನು ನಾನು ಭರಿಸಬಲ್ಲೆನೇ? ಕೈಯಲ್ಲಿ ಹಣವಿಲ್ಲದಾಗ ಎರಡನೆಯ ಪ್ರಶ್ನೆ ಮೊದಲನೆಯದರ ವೇಷ ಹಾಕುತ್ತದೆ. "ಪಾಪ, ಮೂಕಪ್ರಾಣಿಗೆ ಯಾಕಷ್ಟು ಹಿಂಸೆ" ಎನ್ನುತ್ತೇವೆ, ಮಾತಾಡುತ್ತಿರುವುದು ಜೇಬು. ಇದರ ಉಲ್ಟಾವೂ ಉಂಟು: ತಪ್ಪಿತಸ್ಥ ಭಾವಕ್ಕೆ ಸಾಲ ಮಾಡಿ, ನಾಯಿಗೆ ನೋವು ಮಾತ್ರ ಕೊಡುವ ಚಿಕಿತ್ಸೆಗೆ ಹೂಂ ಎನ್ನುವುದು. ಮೊದಲೇ ತೆಗೆದಿಟ್ಟ ಹಣವಿದ್ದರೆ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬಹುದು. ಆಗ ಹೇಳುವ 'ಸಾಕು' ನಾಯಿಯ ಸಲುವಾಗಿ ಹೇಳಿದ್ದಾಗಿರುತ್ತದೆ.

ಹಾಗಾದರೆ ದುಡ್ಡಿದ್ದವರೇ ನಾಯಿ ಸಾಕಬೇಕೇ? ಯೆರವಡಾದ ಬಸ್ತಿಗಳಲ್ಲಿ ಹತ್ತು ಮನೆಯ ತುತ್ತು ತಿಂದು ಬದುಕುವ ನಾಯಿಗಳಿವೆ, ಯಾರೂ ಅವಕ್ಕೆ ಶೀಟು ತೆರೆದಿಲ್ಲ. ಅಲ್ಲಿಯ ಅಂತಃಕರಣ ನಮ್ಮದಕ್ಕಿಂತ ಕಡಿಮೆಯೇನಲ್ಲ. ಆದರೆ ಆ ನಾಯಿಗೆ ಹತ್ತು ಬಾಗಿಲುಗಳಿವೆ. ಏಳನೇ ಮಹಡಿಯ ನಾಯಿಗಿರುವುದು ಒಂದೇ ಬಾಗಿಲು, ಚಿಲಕ ನಮ್ಮ ಕೈಯಲ್ಲಿ. ತಾಯಿಯಿಂದ ಬಿಡಿಸಿ ತಂದವರೂ ನಾವೇ. ಹಾಗಾಗಿ ಋಣವೂ ಹೆಚ್ಚು.

ನಮ್ಮ ಯೆರವಡಾ ಜೈಲಿನಲ್ಲಿದ್ದು 1924ರಲ್ಲಿ ಬಿಡುಗಡೆಯಾದ ಗಾಂಧೀಜಿ, 1926ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕರೊಬ್ಬರು 60ರಷ್ಟು ಬೀದಿನಾಯಿಗಳನ್ನು ಕೊಲ್ಲಿಸಿದ್ದನ್ನು 'ಯಂಗ್ ಇಂಡಿಯಾ'ದಲ್ಲಿ ಸಮರ್ಥಿಸಿ ಓದುಗರ ಸಿಟ್ಟಿಗೆ ಗುರಿಯಾದರು. ಕೊಂದದ್ದನ್ನು ನಾನು ಒಪ್ಪಲಾರೆ. ಆದರೆ ಅವರ ವಾದದ ಒಂದು ಎಳೆ ಬಿಡದೆ ಕಾಡುತ್ತದೆ: ಹೊಣೆ ಹೊರದೆ ತುತ್ತು ಎಸೆಯುವುದು ಅಗ್ಗದ ದಯೆ.

ಹಣಕ್ಕೆ ಮಿತಿಯಿರುವುದು ಪಾಪವಲ್ಲ. ಸರ್ಕಾರಿ ಪಶು ಆಸ್ಪತ್ರೆಗಳಿವೆ. ಬೀದಿಮರಿಯನ್ನು ತಂದರೆ ಮೋಟು ಮೂಗಿನ ತೊಂದರೆಯಿಲ್ಲ. ಆ ಮಿತಿ ಎಷ್ಟೆಂದು ಮನೆಯವರೆಲ್ಲ ಕೂತು ಮೊದಲೇ ಮಾತಾಡದಿರುವುದು ಮಾತ್ರ ತಪ್ಪು. ಮರಿ ತರುವ ಆರು ತಿಂಗಳ ಮುಂಚೆಯೇ ಆ 1,500 ಎತ್ತಿಡಲು ಶುರುಮಾಡಿ ನೋಡಿ. ಕಷ್ಟವಾದರೆ 15 ವರ್ಷದ ಪ್ರಶ್ನೆಗೆ ಆರೇ ತಿಂಗಳಲ್ಲಿ ಉತ್ತರ ಸಿಕ್ಕಂತಾಯಿತು. ಆಗದಿದ್ದರೆ, ಮರಿ ಬರುವ ದಿನ ಅದರ ಹೆಸರಿನಲ್ಲಿ 9,000 ರೂಪಾಯಿ ಇರುತ್ತದೆ.